ಕುಗ್ಗುವ ಆಂಟೆನಾ, ಕುಗ್ಗದ ಲೆಕ್ಕ

ರೇಡಿಯೋ ತರಂಗವನ್ನು ಹೊರಕ್ಕೆ ಬಿಡುವುದಕ್ಕೂ ಬಂದ ತರಂಗವನ್ನು ಹಿಡಿಯುವುದಕ್ಕೂ ಬೇಕಾದ ಲೋಹದ ಸಾಧನ ಆಂಟೆನಾ. ಹಳಬರು ಅದನ್ನು ಏರಿಯಲ್ ಎನ್ನುತ್ತಿದ್ದರು. ರೇಡಿಯೋದ ಇತಿಹಾಸದಲ್ಲಿ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಬಿಡಿ ಟ್ರಾನ್ಸಿಸ್ಟರ್‌ಗಳ ಜಾಗದಲ್ಲಿ ಚಿಪ್ ಬಂತು. ಕೋಣೆ ತುಂಬುತ್ತಿದ್ದ ಯಂತ್ರವೆಲ್ಲ ಉಗುರಿನಗಲದ ಸಿಲಿಕಾನ್ ಚೂರಿನೊಳಗೆ ಸೇರಿತು. ಹಾಗಿದ್ದ ಮೇಲೆ ಆಂಟೆನಾ ಕೂಡ ಅಷ್ಟೇ ಕುಗ್ಗಬೇಕಲ್ಲವೇ ಎಂಬ ನಿರೀಕ್ಷೆ ಸಹಜವೇ. ಗೋಪುರ ಬೇಡ, ಕಂಬ ಬೇಡ, ಅಂಗೈಯಲ್ಲಿ ಹಿಡಿಯುವ ತುಂಡು ಸಾಕು ಎಂಬ ಭರವಸೆ ಹೊತ್ತ ಹೊಸ ಹೊಸ ಆಂಟೆನಾಗಳು ಆಗಾಗ ಸುದ್ದಿಯಾಗುತ್ತಲೇ ಬಂದಿವೆ. ಅವುಗಳಲ್ಲಿ ಕೆಲವು ಮಾತು ಉಳಿಸಿಕೊಂಡವು, ಕೆಲವು ಹುಸಿಯಾದವು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಅದರ ಹಿಂದೆ ಒಂದು ಲೆಕ್ಕವಿದೆ, ಆ ಲೆಕ್ಕಕ್ಕೆ ಒಂದು ಚರಿತ್ರೆಯೂ ಇದೆ.

ಲೆಕ್ಕದ ಮೊದಲ ಸಾಲು ತರಂಗಾಂತರ. ರೇಡಿಯೋ ತರಂಗ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರವೇ ತರಂಗಾಂತರ. ಇದನ್ನು ಕಂಡುಹಿಡಿಯುವುದು ಸುಲಭ: 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ ಮೀಟರ್‌ಗಳಲ್ಲಿ ಉತ್ತರ ಸಿಗುತ್ತದೆ. ಎಫ್.ಎಂ. ಪ್ರಸಾರದ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತರಂಗಾಂತರ 3 ಮೀಟರ್. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದ 612 ಕಿಲೋಹರ್ಟ್ಸ್‌ಗೆ ತರಂಗಾಂತರ 490 ಮೀಟರ್. ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಉದ್ದ ತರಂಗಾಂತರದ ಅರ್ಧದಷ್ಟಿರಬೇಕು. ನೆಲವನ್ನು ಜೊತೆಗೆ ಸೇರಿಸಿಕೊಂಡರೆ ಕಾಲು ಭಾಗ ಸಾಕು. ಹಾಗಾಗಿ ಎಫ್.ಎಂ.ಗೆ ಮುಕ್ಕಾಲು ಮೀಟರಿನ ಕಡ್ಡಿ ನಡೆಯುತ್ತದೆ. 612 ಕಿಲೋಹರ್ಟ್ಸ್‌ಗೆ 122 ಮೀಟರ್, ಅಂದರೆ 400 ಅಡಿ ಎತ್ತರದ ಕಂಬ ನಿಲ್ಲಿಸಬೇಕಾಗುತ್ತದೆ.

ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಹೈನ್ರಿಶ್ ಹರ್ಟ್ಸ್ 1887-88ರ ಪ್ರಯೋಗಗಳಲ್ಲಿ ಬಳಸಿದ ಆಂಟೆನಾ ಕೋಣೆಯೊಳಗೆ ಹಿಡಿಸುವಂಥದ್ದು. ನಡುವೆ ಕಿಡಿ ಹಾರುವ ಸಂದು, ಎರಡೂ ಕಡೆ ತಂತಿ, ತಂತಿಯ ತುದಿಗಳಲ್ಲಿ ಲೋಹದ ಗೋಳ. ಅವನ ತರಂಗಾಂತರ ಕೆಲವೇ ಮೀಟರ್ ಇದ್ದುದರಿಂದ ಅಷ್ಟು ಸಾಕಾಗಿತ್ತು. 1890ರ ದಶಕದಲ್ಲಿ ಕಲ್ಕತ್ತದ ಜಗದೀಶಚಂದ್ರ ಬೋಸ್ ಇನ್ನೂ ಕೆಳಗಿಳಿದು ಮಿಲಿಮೀಟರ್ ಅಳತೆಯ ತರಂಗಗಳನ್ನು ಹುಟ್ಟಿಸಿದರು. ಅವುಗಳಿಗಾಗಿ ಅವರು ಬಳಸಿದ ಲೋಹದ ಆಲಿಕೆಯಂಥ ಆಂಟೆನಾ ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಚಿಕ್ಕ ತರಂಗಕ್ಕೆ ಚಿಕ್ಕ ಆಂಟೆನಾ ಸಾಕೆಂಬ ಸಂಗತಿ ಹೀಗೆ ಮೊದಲ ದಶಕದಲ್ಲೇ ಸ್ಪಷ್ಟವಾಗಿತ್ತು.

ಆದರೆ ಅಂದಿನ ಗುರಿ ದೂರದ ಸಂದೇಶ. ದೂರ ಹೋಗಬೇಕಾದರೆ ಉದ್ದದ ತರಂಗವೇ ಬೇಕೆಂದು ಆಗಿನವರು ನಂಬಿದ್ದರು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡು ಕೇಂದ್ರದಿಂದ ಹೊರಟ ಸಂಕೇತವನ್ನು ಮಾರ್ಕೋನಿ ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲೆಂಡ್‌ನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಕೇಳಿಸಿಕೊಂಡದ್ದಾಗಿ ಹೇಳಿದ. ಅಲ್ಲಿ ಅವನ ಆಂಟೆನಾ, ಗಾಳಿಪಟದಿಂದ ಮೇಲೆತ್ತಿದ ಸುಮಾರು 150 ಮೀಟರ್ ತಂತಿ. ಮುಂದಿನ ಎರಡು ದಶಕಗಳಲ್ಲಿ ಈ ಓಟ ಇನ್ನೂ ಬೃಹತ್ತಾಯಿತು. ಸ್ವೀಡನ್ನಿನ ಗ್ರಿಮೆಟಾನ್‌ನಲ್ಲಿ 1920ರ ದಶಕದಲ್ಲಿ ಕಟ್ಟಿದ ಕೇಂದ್ರ ಇಂದಿಗೂ ನಿಂತಿದೆ. ಅದು ಈಗ ವಿಶ್ವ ಪರಂಪರೆಯ ತಾಣ. ತಲಾ 127 ಮೀಟರ್ ಎತ್ತರದ ಆರು ಉಕ್ಕಿನ ಗೋಪುರಗಳು ಎರಡು ಕಿಲೋಮೀಟರಿಗೂ ಉದ್ದಕ್ಕೆ ಸಾಲಾಗಿ ತಂತಿಗಳನ್ನು ಹೊತ್ತಿವೆ. ಅದರ ಕಂಪನಾಂಕ 17.2 ಕಿಲೋಹರ್ಟ್ಸ್, ತರಂಗಾಂತರ 17 ಕಿಲೋಮೀಟರಿಗೂ ಹೆಚ್ಚು. ಆ ಲೆಕ್ಕಕ್ಕೆ ಹಿಡಿದರೆ ಅಷ್ಟು ದೊಡ್ಡ ರಚನೆಯೂ ಚಿಕ್ಕ ಆಂಟೆನಾವೇ.

ಉದ್ದ ಸಾಲದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ ಹಡಗುಗಳಲ್ಲಿ ಎದ್ದಿತು. ಹಡಗಿನ ಎರಡು ಕಂಬಗಳ ನಡುವಿನ ಜಾಗಕ್ಕಿಂತ ಹೆಚ್ಚಿಗೆ ತಂತಿ ಕಟ್ಟಲು ಅಲ್ಲಿ ಅವಕಾಶವಿರಲಿಲ್ಲ. ಎರಡು ಉಪಾಯಗಳು ಹುಟ್ಟಿದವು. ಒಂದು, ಗಿಡ್ಡ ತಂತಿಯ ಬುಡದಲ್ಲಿ ತಾಮ್ರದ ಸುರುಳಿ ಸೇರಿಸಿ ಅದನ್ನು ಬೇಕಾದ ಕಂಪನಾಂಕಕ್ಕೆ ಶ್ರುತಿ ಮಾಡುವುದು. ಇನ್ನೊಂದು, ಲಂಬ ತಂತಿಯ ತಲೆಯ ಮೇಲೆ ಅಡ್ಡ ತಂತಿಗಳ ಛತ್ರಿ ಕಟ್ಟುವುದು. ಇಂದಿನ ತನಕ ಸುದ್ದಿಯಾದ ಬಹುತೇಕ ಚಿಕ್ಕ ಆಂಟೆನಾಗಳೂ ಈ ಎರಡು ಉಪಾಯಗಳ ಮಕ್ಕಳು, ಮೊಮ್ಮಕ್ಕಳೇ.

ಈ ಉಪಾಯಗಳ ಬೆಲೆ ಎಷ್ಟೆಂದು ಒಂದು ಉದಾಹರಣೆಯಿಂದ ನೋಡಬಹುದು. 612 ಕಿಲೋಹರ್ಟ್ಸ್‌ಗೆ 122 ಮೀಟರ್ ಕಂಬದ ಬದಲು 12 ಮೀಟರಿನ ಕಂಬ ನಿಲ್ಲಿಸಿದರೆ ಏನಾಗುತ್ತದೆ? ಆಂಟೆನಾ ಎಷ್ಟು ಶಕ್ತಿಯನ್ನು ತರಂಗವಾಗಿ ಹೊರಬಿಡಬಲ್ಲದು ಎಂಬುದನ್ನು ವಿಕಿರಣ ರೋಧ ಎಂಬ ಅಳತೆ ಹೇಳುತ್ತದೆ. ಪೂರ್ಣ ಎತ್ತರದ ಕಂಬಕ್ಕೆ ಅದು ಸುಮಾರು 36 ಓಮ್. ಎತ್ತರ ಇಳಿದಂತೆ ಈ ರೋಧ ಎತ್ತರದ ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. 12 ಮೀಟರಿನ ಕಂಬಕ್ಕೆ ಉಳಿಯುವುದು ಒಂದು ಓಮ್‌ನ ಕಾಲು ಭಾಗಕ್ಕಿಂತಲೂ ಕಡಿಮೆ. ಸುರುಳಿಯಲ್ಲಿ, ನೆಲದಲ್ಲಿ ಸೋರಿಹೋಗುವ ನಷ್ಟ ಒಟ್ಟು 5 ಓಮ್ ಎಂದಿಟ್ಟುಕೊಂಡರೆ, ಒಳಗೆ ಹಾಕಿದ 100 ವಾಟ್‌ನಲ್ಲಿ ತರಂಗವಾಗಿ ಹೊರಡುವುದು 4-5 ವಾಟ್ ಮಾತ್ರ. ಉಳಿದದ್ದೆಲ್ಲ ಸುರುಳಿಯನ್ನೂ ಮಣ್ಣನ್ನೂ ಬಿಸಿ ಮಾಡುವುದಕ್ಕೇ ಮುಗಿಯಿತು. ತಲೆಯ ಮೇಲೆ ದೊಡ್ಡ ಛತ್ರಿ ಕಟ್ಟಿದರೆ ರೋಧ ಹೆಚ್ಚೆಂದರೆ ನಾಲ್ಕು ಪಟ್ಟಾಗಿ, ಹೊರಡುವ ಶಕ್ತಿ 16 ವಾಟ್‌ಗೆ ಏರಬಹುದು. ಸುಧಾರಣೆ ನಿಜವೇ. ಆದರೂ 84 ವಾಟ್ ದಂಡ ತಪ್ಪಲಿಲ್ಲ.

ನೆಲದ ಪಾತ್ರವನ್ನೂ ಮರೆಯುವಂತಿಲ್ಲ. ಮಧ್ಯಮ ತರಂಗ ಕೇಂದ್ರದ ಕಂಬದ ಬುಡದಿಂದ ಸುತ್ತಲೂ ಚಕ್ರದ ಅರಗಳಂತೆ ತಾಮ್ರದ ತಂತಿಗಳನ್ನು ಮಣ್ಣಿನಲ್ಲಿ ಹೂಳಿರುತ್ತಾರೆ. 1937ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ನಡೆಸಿದ ಅಳತೆಗಳ ನಂತರ 120 ತಂತಿಗಳ ಪದ್ಧತಿ ರೂಢಿಗೆ ಬಂತು. ದಾರಿಹೋಕರಿಗೆ ಕಾಣುವ ಕಂಬ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ಮಣ್ಣಿನಡಿ ಇದೆ. ಚಿಕ್ಕ ಆಂಟೆನಾದ ಜಾಹೀರಾತುಗಳು ಸಾಮಾನ್ಯವಾಗಿ ಈ ಇನ್ನರ್ಧವನ್ನು ಅಳತೆಗೆ ಸೇರಿಸುವುದಿಲ್ಲ.

ಪ್ರಸಾರಕ್ಕೆ ಇಷ್ಟೆಲ್ಲ ಕಟ್ಟುಪಾಡು ಇದ್ದರೂ, ಕೇಳುವವರ ಕಡೆ ಮಾತ್ರ ಕುಗ್ಗಿಸುವಿಕೆ ಬಹುಬೇಗ ಗೆದ್ದಿತು. ವಾಲ್ವ್ ರೇಡಿಯೋ ಕಾಲದಲ್ಲಿ ಮನೆಯ ಮಾಡಿನಿಂದ ತೆಂಗಿನ ಮರಕ್ಕೋ ಎದುರಿನ ಕಂಬಕ್ಕೋ ಏರಿಯಲ್ ತಂತಿ ಎಳೆಯುತ್ತಿದ್ದರು. 1954ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೀಜೆನ್ಸಿ ಟಿಆರ್-1 ಎಂಬ ಮೊದಲ ಜೇಬು ಟ್ರಾನ್ಸಿಸ್ಟರ್ ರೇಡಿಯೋಗೆ ಅಂಥ ತಂತಿಯೇ ಬೇಕಾಗಲಿಲ್ಲ. ಒಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಪ್ಪು ಕಡ್ಡಿ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುತ್ತು. ಬೆರಳುದ್ದದ ಈ ಕಡ್ಡಿಯೇ ನೂರಾರು ಮೀಟರ್ ತರಂಗಾಂತರದ ಆಂಟೆನಾ. ಅಂಥ ರೇಡಿಯೋವನ್ನು ನಿಧಾನವಾಗಿ ತಿರುಗಿಸಿದರೆ ಇದರ ಕೆಲಸ ಕಿವಿಗೆ ತಿಳಿಯುತ್ತದೆ: ಕಡ್ಡಿಯ ತುದಿ ಕೇಂದ್ರದತ್ತ ಮುಖಮಾಡಿದಾಗ ದನಿ ಇಳಿಯುತ್ತದೆ, ಕಡ್ಡಿ ಅಡ್ಡಲಾಗಿ ನಿಂತಾಗ ಏರುತ್ತದೆ.

ಈ ಕಡ್ಡಿಯ ದಕ್ಷತೆ ಅತ್ಯಲ್ಪ. ಆದರೂ ಅದು ಸಾಕಾಗುವುದಕ್ಕೆ ಕಾರಣವಿದೆ. ಮಧ್ಯಮ ತರಂಗದಲ್ಲಿ ಸಿಡಿಲು, ವಿದ್ಯುತ್ ತಂತಿ, ಯಂತ್ರಗಳಿಂದ ಬರುವ ಗದ್ದಲ ರೇಡಿಯೋದೊಳಗಿನ ಸ್ವಂತ ಗದ್ದಲಕ್ಕಿಂತ ಬಹಳ ಹೆಚ್ಚು. ಆಂಟೆನಾ ಸೋಮಾರಿಯಾದರೆ ಕಾರ್ಯಕ್ರಮವೂ ಕ್ಷೀಣಿಸುತ್ತದೆ, ಹೊರಗಿನ ಗದ್ದಲವೂ ಅಷ್ಟೇ ಕ್ಷೀಣಿಸುತ್ತದೆ. ಎರಡರ ಅನುಪಾತ ಬದಲಾಗುವುದಿಲ್ಲ. ಉಳಿದ ಕೆಲಸವನ್ನು ಆಂಪ್ಲಿಫೈಯರ್ ಮಾಡಿಕೊಳ್ಳುತ್ತದೆ. ಪ್ರಸಾರ ಮಾಡುವ ಆಂಟೆನಾಗೆ ಈ ವಿನಾಯಿತಿ ಇಲ್ಲ, ಅಲ್ಲಿ ಕಳೆದುಕೊಂಡ ವಾಟ್ ಕಳೆದುಕೊಂಡದ್ದೇ. ಜೇಬಿನ ರೇಡಿಯೋ ಸಾಧ್ಯವಾದದ್ದು ಎಲ್ಲೋ ದೂರದಲ್ಲಿ 400 ಅಡಿಯ ಕಂಬವೊಂದು ನೂರಾರು ಕಿಲೋವಾಟ್ ಸುರಿಯುತ್ತಿದ್ದುದರಿಂದ. ಗಾತ್ರ ಮಾಯವಾಗಲಿಲ್ಲ, ಕೇಳುಗರ ಮನೆಯಿಂದ ಪ್ರಸಾರ ಕೇಂದ್ರದ ಬಯಲಿಗೆ ಹೋಯಿತು.

ಇಷ್ಟು ದಿನ ಅನುಭವದಿಂದ ಗೊತ್ತಿದ್ದುದಕ್ಕೆ ಗಣಿತದ ಬುನಾದಿ ಸಿಕ್ಕಿದ್ದು ಎರಡನೇ ಮಹಾಯುದ್ಧದ ಬಳಿಕ. 1947ರಲ್ಲಿ ಅಮೆರಿಕದ ಇಂಜಿನಿಯರ್ ಹೆರಾಲ್ಡ್ ವೀಲರ್, ಮರುವರ್ಷ ಎಂಐಟಿಯ ಲಾನ್ ಜೆನ್ ಚು, ಚಿಕ್ಕ ಆಂಟೆನಾಗಳ ಮಿತಿಯನ್ನು ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಆಂಟೆನಾವನ್ನು ಪೂರ್ತಿಯಾಗಿ ಒಳಗೊಳ್ಳುವ ಒಂದು ಗೋಳವನ್ನು ಕಲ್ಪಿಸಿಕೊಳ್ಳಬೇಕು. ಆ ಗೋಳದ ತ್ರಿಜ್ಯ ತರಂಗಾಂತರದ ಸುಮಾರು ಆರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಆ ಆಂಟೆನಾ ಚಿಕ್ಕದು. ಅಂಥ ಆಂಟೆನಾದ ಸುತ್ತ ಶಕ್ತಿ ಹೊರಗೆ ಹೋಗದೆ ಒಳಗೂ ಹೊರಗೂ ತುಯ್ಯುತ್ತಲೇ ಇರುತ್ತದೆ. ಗಾತ್ರ ಕುಗ್ಗಿದಂತೆ ಹೀಗೆ ತುಯ್ಯುವ ಶಕ್ತಿಯ ಪಾಲು ಹೆಚ್ಚಿ, ಹೊರಡುವ ಶಕ್ತಿಯ ಪಾಲು ಇಳಿಯುತ್ತದೆ. ಬಿಗಿದ ತಂಬೂರಿಯ ತಂತಿ ತನ್ನದೇ ಒಂದು ಶ್ರುತಿಗೆ ಮಾತ್ರ ಮಿಡಿಯುವಂತೆ, ಈ ಆಂಟೆನಾ ತೀರಾ ಇಕ್ಕಟ್ಟಾದ ಕಂಪನಾಂಕಗಳಿಗಷ್ಟೇ ಸ್ಪಂದಿಸುತ್ತದೆ. ಗಾತ್ರವನ್ನು ಅರ್ಧ ಮಾಡಿದರೆ ಅದು ಕೆಲಸ ಮಾಡುವ ಕಂಪನಾಂಕಗಳ ಹರವು, ಅಂದರೆ ಬ್ಯಾಂಡ್‌ವಿಡ್ತ್, ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇದರ ಸಾರ ಇಷ್ಟು: ಚಿಕ್ಕ ಗಾತ್ರ, ಒಳ್ಳೆಯ ದಕ್ಷತೆ, ವಿಶಾಲ ಬ್ಯಾಂಡ್‌ವಿಡ್ತ್ ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಒಟ್ಟಿಗೆ ಪಡೆಯಲಾಗದು. ಸುರುಳಿಯಲ್ಲಿ ನಷ್ಟ ಹೆಚ್ಚಿಸಿದರೆ ಬ್ಯಾಂಡ್‌ವಿಡ್ತ್ ಅಗಲವಾಗುತ್ತದೆ, ದಕ್ಷತೆ ಬೀಳುತ್ತದೆ. ನಷ್ಟ ತಗ್ಗಿಸಿದರೆ ದಕ್ಷತೆ ಏರುತ್ತದೆ, ಬ್ಯಾಂಡ್‌ವಿಡ್ತ್ ಕೂದಲೆಳೆಯಾಗುತ್ತದೆ. ಮುಂದೆ ಹಲವರು ಈ ಸೂತ್ರಗಳನ್ನು ತಿದ್ದಿ ನಯಗೊಳಿಸಿದ್ದಾರೆ, ಸಾರ ಬದಲಾಗಿಲ್ಲ.

ಇಷ್ಟಾದರೂ ಮಿತಿಯನ್ನು ದಾಟಿದೆವೆಂಬ ಘೋಷಣೆಗಳು ನಿಲ್ಲಲಿಲ್ಲ. 1980ರ ದಶಕದ ಕೊನೆಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮಾರಿಸ್ ಹೇಟ್ಲಿ, ಈಜಿಪ್ಟ್‌ನ ಫಾತಿ ಕಬ್ಬಾರಿ ಮುಂತಾದವರು ಕ್ರಾಸ್ಡ್ ಫೀಲ್ಡ್ ಆಂಟೆನಾ ಎಂಬುದನ್ನು ಮುಂದಿಟ್ಟರು. ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಬೇರೆ ಬೇರೆ ಲೋಹದ ಭಾಗಗಳಿಂದ ಹುಟ್ಟಿಸಿ ಒಂದೇ ಜಾಗದಲ್ಲಿ ಕೂಡಿಸಿದರೆ, ದೊಡ್ಡ ಕಂಬವಿಲ್ಲದೆಯೇ ತರಂಗ ಹೊರಡುತ್ತದೆ ಎಂಬುದು ಅವರ ವಾದ. ಈಜಿಪ್ಟ್‌ನ ಕೆಲವು ಮಧ್ಯಮ ತರಂಗ ಕೇಂದ್ರಗಳಲ್ಲಿ ಇದನ್ನು ಕೂರಿಸಲಾಯಿತು; ಪ್ರಸಾರವೂ ಕೇಳಿಸಿತು. ಆದರೆ ಸ್ವತಂತ್ರ ವಿಶ್ಲೇಷಣೆಗಳಲ್ಲಿ ಅದರ ಸಾಮರ್ಥ್ಯ ಅದೇ ಎತ್ತರದ ಯಾವುದೇ ಗಿಡ್ಡ ಕಂಬಕ್ಕಿಂತ ಮೇಲೇರಲಿಲ್ಲ. ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 279 ಕಿಲೋಹರ್ಟ್ಸ್‌ನ ದೀರ್ಘ ತರಂಗ ಕೇಂದ್ರಕ್ಕೂ ಇದೇ ಆಂಟೆನಾ ಬಳಸುವ ಯೋಜನೆಯಿತ್ತು. ಆ ಕೇಂದ್ರ ನಿಯಮಿತ ಪ್ರಸಾರವನ್ನು ಆರಂಭಿಸಲೇ ಇಲ್ಲ.

1990ರ ದಶಕದಲ್ಲಿ ಫ್ರಾಕ್ಟಲ್ ಆಂಟೆನಾಗಳ ಸರದಿ. ಒಂದೇ ಆಕಾರ ಮತ್ತೆ ಮತ್ತೆ ಚಿಕ್ಕದಾಗಿ ಮಡಚಿಕೊಳ್ಳುವ ಗಣಿತದ ವಿನ್ಯಾಸವನ್ನು ಆಂಟೆನಾದ ತಂತಿಗೆ ಕೊಟ್ಟವರು ಅಮೆರಿಕದ ನೇಥನ್ ಕೋಹೆನ್. ಕಡಿಮೆ ಜಾಗದಲ್ಲಿ ಹೆಚ್ಚು ತಂತಿ ಹಿಡಿಸುತ್ತದೆ, ಹಲವು ಕಂಪನಾಂಕಗಳಿಗೆ ಹೊಂದುತ್ತದೆ ಎಂಬುದು ಇದರ ಹೆಗ್ಗಳಿಕೆ. ಕೆಲವು ಉಪಯೋಗಗಳಲ್ಲಿ ಇದು ನೆಲೆ ಕಂಡುಕೊಂಡಿತು. ಆದರೆ 2000ದ ಬಳಿಕ ಸ್ಟೀವನ್ ಬೆಸ್ಟ್ ಎಂಬ ಸಂಶೋಧಕರು ಫ್ರಾಕ್ಟಲ್ ತಂತಿಯನ್ನು ಅಷ್ಟೇ ಎತ್ತರದ, ಸುಮ್ಮನೆ ಅಂಕುಡೊಂಕಾಗಿ ಮಡಚಿದ ತಂತಿಯೊಡನೆ ಹೋಲಿಸಿ ನೋಡಿದಾಗ, ಸಾಮಾನ್ಯ ಮಡಿಕೆ ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಚಿಕ್ಕ ಆಂಟೆನಾದ ಗುಣವನ್ನು ನಿರ್ಧರಿಸುವುದು ಅದು ಆವರಿಸುವ ಒಟ್ಟು ಜಾಗ. ಮಡಿಕೆಯ ಸೊಗಸಿಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ.

2004ರಲ್ಲಿ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ರಾಬರ್ಟ್ ವಿನ್ಸೆಂಟ್ ರೂಪಿಸಿದ ಆಂಟೆನಾ ಪತ್ರಿಕೆಗಳ ಗಮನ ಸೆಳೆಯಿತು. ಸುರುಳಿಯ ಭಾರವನ್ನು ಒಂದೇ ಕಡೆ ಇಡದೆ ಕಂಬದ ಉದ್ದಕ್ಕೂ ಹಂಚುವುದು ಇದರ ತಂತ್ರ. ಮಾಮೂಲಿ ಕಂಬದ ಮೂರನೇ ಒಂದು ಭಾಗ ಅಥವಾ ಇನ್ನೂ ಕಡಿಮೆ ಎತ್ತರದಲ್ಲಿ ಉತ್ತಮ ದಕ್ಷತೆ ಸಿಗುತ್ತದೆ ಎಂಬ ಸುದ್ದಿ ಹಬ್ಬಿತು. ಭಾರ ಹಂಚುವ ಉಪಾಯ ಜಾಣತನದ್ದೇ, ಎಚ್ಚರದಿಂದ ಮಾಡಿದರೆ ನಷ್ಟವನ್ನೂ ತಗ್ಗಿಸುತ್ತದೆ. ಆದರೆ ಅದು ವೀಲರ್ ಮತ್ತು ಚು ಹಾಕಿದ ಗೆರೆಯೊಳಗಿನ ಸುಧಾರಣೆ. ಪ್ರಸಾರ ಕೇಂದ್ರಗಳ ಎತ್ತರದ ಗೋಪುರಗಳು ಅದರಿಂದ ಉರುಳಲಿಲ್ಲ.

ಇಂಥ ಪ್ರಯೋಗಗಳಲ್ಲಿ ತೊಡಗಿದವರು ಮೋಸಗಾರರೆಂದು ಭಾವಿಸಬೇಕಿಲ್ಲ. ಆಂಟೆನಾದ ಅಳತೆಯೇ ಜಾರುವಂಥದ್ದು. ಟ್ರಾನ್ಸ್‌ಮಿಟರ್ ಕಳಿಸಿದ ಶಕ್ತಿ ಆಂಟೆನಾದಿಂದ ಹಿಂದಕ್ಕೆ ಬರುತ್ತಿಲ್ಲ ಎಂದು ಮೀಟರ್ ತೋರಿಸಿದರೆ, ಅದೆಲ್ಲ ಆಕಾಶಕ್ಕೆ ಹೋಯಿತು ಎಂದು ನಂಬುವುದು ಸುಲಭ. ಒಂದು ರೆಸಿಸ್ಟರ್ ಜೋಡಿಸಿದರೂ ಮೀಟರ್ ಅದನ್ನೇ ತೋರಿಸುತ್ತದೆ. ಶಕ್ತಿಯೆಲ್ಲ ಅದರಲ್ಲಿ ಶಾಖವಾಗಿರುತ್ತದೆ. ಇನ್ನೊಂದು ತೊಡಕು, ಚಿಕ್ಕ ಆಂಟೆನಾಗೆ ಶಕ್ತಿ ಒಯ್ಯುವ ಕೇಬಲ್. ಅದರ ಹೊರಮೈಯಲ್ಲಿ ವಿದ್ಯುತ್ ಹರಿದರೆ ಕೇಬಲ್ಲೇ ಆಂಟೆನಾ ಆಗುತ್ತದೆ. ದುಡಿದದ್ದು ಹತ್ತು ಮೀಟರ್ ಕೇಬಲ್, ಹೆಸರು ಬಂದದ್ದು ಅದರ ತುದಿಯಲ್ಲಿದ್ದ ಗೇಣುದ್ದದ ಸಾಧನಕ್ಕೆ.

ಭರವಸೆ ಈಡೇರಿದ ಕಥೆಗಳಲ್ಲಿ ಮೊಬೈಲ್ ಫೋನಿನದೇ ದೊಡ್ಡದು. ಭಾರತದಲ್ಲಿ ಮೊಬೈಲ್ ಕರೆ ಆರಂಭವಾದದ್ದು 1995ರ ಜುಲೈ 31ರಂದು. ಆಗಿನ ಫೋನುಗಳ ನೆತ್ತಿಯ ಮೇಲೆ ಆಂಟೆನಾದ ಕೊಂಬು ಇರುತ್ತಿತ್ತು. ಕೆಲವರು ಮಾತಾಡುವ ಮುನ್ನ ಅದನ್ನು ಎಳೆದು ಉದ್ದ ಮಾಡುತ್ತಿದ್ದರು. 1999ರಲ್ಲಿ ಬಂದ ನೋಕಿಯಾ 3210ರ ಹೊತ್ತಿಗೆ ಆ ಕೊಂಬು ಒಳಗೆ ಸೇರಿ, ಕೆಲವೇ ವರ್ಷಗಳಲ್ಲಿ ಎಲ್ಲ ಫೋನುಗಳಿಂದಲೂ ಕಾಣೆಯಾಯಿತು.

ಇಲ್ಲಿ ಯಾವ ನಿಯಮವೂ ಮುರಿದಿಲ್ಲ. 900 ಮೆಗಾಹರ್ಟ್ಸ್‌ಗೆ ತರಂಗಾಂತರ 33 ಸೆಂಟಿಮೀಟರ್. ವೀಲರ್ ಮಿತಿಯಾಗಿ ಹೇಳಿದ ಗೋಳದ ತ್ರಿಜ್ಯ ಇಲ್ಲಿ 5.3 ಸೆಂಟಿಮೀಟರ್. ಒಳಗೆ ಅಡಗಿದ ತಗಡಿನ ಚೂರು ಚಿಕ್ಕದಿರಬಹುದು; ಆದರೆ ಅದು ಫೋನಿನ ಸರ್ಕ್ಯೂಟ್ ಬೋರ್ಡಿನ ಲೋಹವನ್ನೂ ಜೊತೆಗೆ ಕುಣಿಸುತ್ತದೆ. ನಿಜವಾದ ಆಂಟೆನಾ ಇಡೀ ಫೋನು, ಅದು ಆ ಗೋಳದ ಅಳತೆಗೆ ಚಿಕ್ಕದೇನೂ ಅಲ್ಲ. ಜೊತೆಗೆ ಊರೂರಿಗೂ ಬೀದಿಬೀದಿಗೂ ಟವರ್ ಬಂದವು. ಟವರ್ ಹತ್ತಿರವಾದಷ್ಟೂ ಫೋನಿನ ಮೇಲಿನ ಹೊರೆ ಇಳಿಯುತ್ತದೆ. ಜೇಬಿನಲ್ಲಿ ಉಳಿಸಿದ ಜಾಗವನ್ನು ಮಾಳಿಗೆಯ ಮೇಲೆ ಟವರ್ ನಿಲ್ಲಿಸಲು ಕೊಟ್ಟಂತಾಯಿತು.

ಇಡೀ ಫೋನೇ ಆಂಟೆನಾ ಎಂಬುದಕ್ಕೆ 2010ರ ಐಫೋನ್ 4 ಒಳ್ಳೆಯ ಸಾಕ್ಷಿ. ಅದರ ಅಂಚಿನ ಉಕ್ಕಿನ ಪಟ್ಟಿಯನ್ನೇ ಆಂಟೆನಾ ಮಾಡಲಾಗಿತ್ತು. ಎಡಗೈಯಲ್ಲಿ ಹಿಡಿದಾಗ ಅಂಗೈ ಆ ಪಟ್ಟಿಯ ಸಂದನ್ನು ಮುಚ್ಚಿ ಸಿಗ್ನಲ್ ಇಳಿಯುತ್ತಿತ್ತು. ದೂರುಗಳು ಹೆಚ್ಚಿದಾಗ ಕಂಪನಿ ಆ ಜುಲೈನಲ್ಲಿ ಪತ್ರಿಕಾಗೋಷ್ಠಿ ಕರೆದು, ಕೊಂಡವರಿಗೆ ಉಚಿತ ಕವಚ ಕೊಡುವುದಾಗಿ ಘೋಷಿಸಿತು.

ಅದೇ ಮೊಬೈಲಿನಲ್ಲಿ ಎಫ್.ಎಂ. ಕೇಳಬೇಕಾದರೆ ಇಯರ್‌ಫೋನ್ ಚುಚ್ಚಲೇಬೇಕಿತ್ತು. ಬೆಂಗಳೂರಿನ ಎಫ್.ಎಂ. ರೇನ್‌ಬೋ ಪ್ರಸಾರವಾಗುವ 101.3 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ 74 ಸೆಂಟಿಮೀಟರ್. ಅಷ್ಟು ಉದ್ದ ಫೋನಿನೊಳಗೆ ಇಲ್ಲ. ಕಿವಿಯಿಂದ ಜೇಬಿಗೆ ಇಳಿಯುವ ವೈರಿನಲ್ಲಿ ಇದೆ. ಸಾವಿರಾರು ಕೋಟಿ ಲೆಕ್ಕಾಚಾರಗಳನ್ನು ಸೆಕೆಂಡಿನಲ್ಲಿ ಮಾಡುವ ಯಂತ್ರ, ಪಕ್ಕದ ಊರಿನ ಎಫ್.ಎಂ. ಹಿಡಿಯಲು ಒಂದು ಮೊಳಕ್ಕೂ ಮೀರಿದ ತಂತಿಯನ್ನು ಕೇಳುತ್ತದೆ. ವೈರ್ ಇಲ್ಲದ ಇಯರ್‌ಬಡ್ ಬಂದು ಫೋನಿನ ಇಯರ್‌ಫೋನ್ ತೂತು ಮುಚ್ಚಿಹೋದಾಗ, ಬಹಳಷ್ಟು ಫೋನುಗಳಿಂದ ಎಫ್.ಎಂ. ಕೂಡ ಹೋಯಿತು. 2023ರಲ್ಲಿ ಕೇಂದ್ರ ಸರ್ಕಾರ ಫೋನುಗಳಲ್ಲಿರುವ ಎಫ್.ಎಂ. ಸೌಲಭ್ಯವನ್ನು ನಿಷ್ಕ್ರಿಯ ಮಾಡಬಾರದೆಂದು ತಯಾರಕರಿಗೆ ಸಲಹಾಪತ್ರ ಕಳಿಸಬೇಕಾಯಿತು.

ಜಿಪಿಎಸ್ ಆಂಟೆನಾ ಮತ್ತೊಂದು ಗೆಲುವು. 1575.42 ಮೆಗಾಹರ್ಟ್ಸ್‌ಗೆ ತರಂಗಾಂತರ 19 ಸೆಂಟಿಮೀಟರ್. ಅರ್ಧವೆಂದರೂ ಒಂಬತ್ತೂವರೆ ಸೆಂಟಿಮೀಟರ್ ಬೇಕು. ಆದರೆ ವಾಹನಗಳ ಜಿಪಿಎಸ್ ಸಾಧನದಲ್ಲಿರುವ ಆಂಟೆನಾ ಎರಡೂವರೆ ಸೆಂಟಿಮೀಟರಿನ ಸೆರಾಮಿಕ್ ಬಿಲ್ಲೆ. ಸೆರಾಮಿಕ್‌ನೊಳಗೆ ತರಂಗ ನಿಧಾನವಾಗಿ ಸಾಗುವುದರಿಂದ ತರಂಗಾಂತರವೇ ಕುಗ್ಗುತ್ತದೆ. ಇದಕ್ಕೆ ತೆತ್ತ ಬೆಲೆ ಇಕ್ಕಟ್ಟಾದ ಬ್ಯಾಂಡ್‌ವಿಡ್ತ್. ನಾಗರಿಕ ಬಳಕೆಯ ಮೂಲ ಜಿಪಿಎಸ್ ಸಂಕೇತಕ್ಕೆ ಸುಮಾರು 2 ಮೆಗಾಹರ್ಟ್ಸ್ ಹರವು ಸಾಕಾದ್ದರಿಂದ ಯಾರಿಗೂ ಅದು ಕೊರತೆಯೆನಿಸಲಿಲ್ಲ. ಜಿಪಿಎಸ್‌ನಂಥದೇ ಆದ ಇಸ್ರೋದ ನಾವಿಕ್ ವ್ಯವಸ್ಥೆಯ 1176.45 ಮೆಗಾಹರ್ಟ್ಸ್ ಸಂಕೇತವನ್ನೂ ಹಿಡಿಯಬೇಕೆಂದರೆ ಮಾತ್ರ ಆ ಒಂದು ಬಿಲ್ಲೆ ಸಾಲದು, ಇನ್ನೊಂದನ್ನು ಜೋಡಿಸಬೇಕಾಗುತ್ತದೆ.

ಕರ್ನಾಟಕದ ಹಳ್ಳಿಗಳು ಹತ್ತಿರದಿಂದ ಕಂಡ ಬದಲಾವಣೆ ಡಿಶ್ ಆಂಟೆನಾದ್ದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿತು. ಅವುಗಳಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿ ನಿಲ್ಲಿಸಿದ್ದು ಮೂರು ಮೀಟರ್ ಅಗಲದ ಡಿಶ್, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿಬಲೆ. ಕಂಪನಾಂಕ 860 ಮೆಗಾಹರ್ಟ್ಸ್, ತರಂಗಾಂತರ 35 ಸೆಂಟಿಮೀಟರ್ ಆದ್ದರಿಂದ ಬಲೆಯ ಸಣ್ಣ ಕಣ್ಣುಗಳು ಆ ತರಂಗಕ್ಕೆ ತೂತೆಂದೇ ಕಾಣುತ್ತಿರಲಿಲ್ಲ. ಬಲೆಯ ಮೈ ಒಂದೆರಡು ಸೆಂಟಿಮೀಟರ್ ಸೊಟ್ಟಗಾದರೂ ಚಿತ್ರಕ್ಕೆ ಬಾಧೆಯಿರಲಿಲ್ಲ.

ಕೇಬಲ್ ಟಿವಿ ಕಾಲದಲ್ಲಿ ಮಾಳಿಗೆಗಳ ಮೇಲೆ ಬಂದ ದೊಡ್ಡ ಡಿಶ್‌ಗಳು 4 ಗಿಗಾಹರ್ಟ್ಸ್ ಆಸುಪಾಸಿನವು. 2003-04ರ ನಂತರ ಡಿಟಿಎಚ್ ಬಂದು, 60 ಸೆಂಟಿಮೀಟರಿನ ತಟ್ಟೆ ಮನೆಮನೆಯ ಗೋಡೆಗೆ ಏರಿತು. ಮೂರು ಮೀಟರ್‌ನಿಂದ 60 ಸೆಂಟಿಮೀಟರಿಗೆ ಇಳಿದದ್ದು ಕಣ್ಣಿಗೆ ದೊಡ್ಡ ಕುಗ್ಗುವಿಕೆ. ಆದರೆ ಡಿಟಿಎಚ್‌ನ ತರಂಗಾಂತರ ಎರಡೂವರೆ ಸೆಂಟಿಮೀಟರ್. ಸೈಟ್‌ನ ಡಿಶ್ ತನ್ನ ತರಂಗಾಂತರದ ಎಂಟೂವರೆ ಪಟ್ಟು ಅಗಲವಿತ್ತು. ಡಿಟಿಎಚ್‌ನದು 24 ಪಟ್ಟು. ತರಂಗದ ಅಳತೆಗೋಲಿನಲ್ಲಿ ಹೊಸ ಡಿಶ್ಶೇ ದೊಡ್ಡದು. ಅದಕ್ಕೆ ಬಲೆ ಸಾಲದು, ತಗಡು ಬೇಕು. ಮಿಲಿಮೀಟರ್ ಲೆಕ್ಕದ ನಯ ಬೇಕು. ಮಳೆ ಜೋರಾದಾಗ ಟಿವಿಯ ಚಿತ್ರ ನಿಂತುಬಿಡುವುದೂ ಈ ಕಂಪನಾಂಕಕ್ಕೆ ತೆರುವ ಬೆಲೆಯೇ: ಮಳೆಹನಿಗಳು ಸೆಂಟಿಮೀಟರ್ ಅಳತೆಯ ತರಂಗವನ್ನು ಹೀರಿ ಚದುರಿಸುತ್ತವೆ. ಸೈಟ್ ಕಾಲದ ತರಂಗಕ್ಕೆ ಮಳೆ ಲೆಕ್ಕಕ್ಕೇ ಇರಲಿಲ್ಲ.

ಡಿಶ್ಶಿನ ಕಥೆಯಲ್ಲೂ ಒಂದು ಹುಸಿ ಅಧ್ಯಾಯವಿದೆ. 1988ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸ್ಯಾಟಲೈಟ್ ಬ್ರಾಡ್‌ಕಾಸ್ಟಿಂಗ್ ಕಂಪನಿ ತಟ್ಟೆಯ ಬದಲು ಚಪ್ಪಟೆಯಾದ ಚೌಕಾಕಾರದ ಆಂಟೆನಾವನ್ನು ಪತ್ರಕರ್ತರ ಮುಂದೆ ಪ್ರದರ್ಶಿಸಿತು. ಅದರ ಹೆಸರು ಸ್ಕ್ವೇರಿಯಲ್. ಅಂದು ತೋರಿಸಿದ್ದು ಕೆಲಸ ಮಾಡದ ಮಾದರಿ. ಮಾರುಕಟ್ಟೆಗೆ ಬಂದ ಚೌಕ ಮೊದಲು ಹೇಳಿದ್ದಕ್ಕಿಂತ ದೊಡ್ಡದಾಗಿತ್ತು. ಕಂಪನಿಯ ಪ್ರಸಾರ 1990ರ ವಸಂತಕ್ಕೆ ಆರಂಭವಾಗಿ, ಅದೇ ನವೆಂಬರ್‌ನಲ್ಲಿ ಸಾಮಾನ್ಯ ತಟ್ಟೆ ಬಳಸುತ್ತಿದ್ದ ಎದುರಾಳಿ ಸ್ಕೈ ಟೆಲಿವಿಷನ್‌ನೊಂದಿಗೆ ವಿಲೀನವಾಯಿತು. ಸೋಲಿಗೆ ಹಣಕಾಸಿನ ಕಾರಣಗಳೂ ಇದ್ದವು. ಸಿದ್ಧವಾಗುವ ಮೊದಲೇ ಕೊಟ್ಟ ಭರವಸೆ ಅದಕ್ಕೆ ನೆರವಾಗಲಿಲ್ಲ.

ಕುಗ್ಗಿಸಲು ಆಗದೇ ಉಳಿದ ಕ್ಷೇತ್ರಗಳೂ ಇವೆ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋ ಚಂದ್ರಯಾನ-1ಕ್ಕಾಗಿ 2008ರ ಹೊತ್ತಿಗೆ ಕಟ್ಟಿದ ಡಿಶ್‌ನ ವ್ಯಾಸ 32 ಮೀಟರ್. ದೂರದ ನೌಕೆಯಲ್ಲಿ ದೊಡ್ಡ ಆಂಟೆನಾ ಇಡಲು ಜಾಗವೂ ಇಲ್ಲ, ವಿದ್ಯುತ್ತೂ ಇಲ್ಲ. ಆ ಕೊರತೆಯನ್ನೆಲ್ಲ ನೆಲದ ಮೇಲಿನ ಡಿಶ್ ತುಂಬಿಕೊಡಬೇಕು. ಗೌರಿಬಿದನೂರಿನ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ನೋಡಲು ಡೈಪೋಲ್ ಎಂಬ ಸಾವಿರ ಸರಳ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿಕೊಂಡಿತ್ತು. ಪೂರ್ವ-ಪಶ್ಚಿಮದ ಸಾಲೇ 1.4 ಕಿಲೋಮೀಟರ್ ಉದ್ದ. ಸಮುದ್ರದಾಳದ ಸಬ್‌ಮರೀನ್‌ಗಳಿಗೆ ಸಂದೇಶ ಕಳಿಸಲು ಅಮೆರಿಕದ ನೌಕಾಪಡೆ ವಿಸ್ಕಾನ್ಸಿನ್ ಮತ್ತು ಮಿಶಿಗನ್‌ಗಳಲ್ಲಿ 2004ರವರೆಗೆ ನಡೆಸಿದ ಕೇಂದ್ರಗಳ ಕಂಪನಾಂಕ ಬರೀ 76 ಹರ್ಟ್ಸ್, ತರಂಗಾಂತರ ಸುಮಾರು 4,000 ಕಿಲೋಮೀಟರ್. ಅಲ್ಲಿ 135 ಕಿಲೋಮೀಟರ್ ತಂತಿ ಎಳೆದಿದ್ದರೂ ಅದು ಚಿಕ್ಕ ಆಂಟೆನಾ. ಮೆಗಾವಾಟ್ ಲೆಕ್ಕದ ವಿದ್ಯುತ್ ಹಾಕಿದರೆ ಹೊರಡುತ್ತಿದ್ದುದು ಕೆಲವೇ ವಾಟ್, ಮೂರಕ್ಷರದ ಒಂದು ಸಂಕೇತ ಮುಟ್ಟಲು ಸುಮಾರು ಕಾಲು ಗಂಟೆ.

ಸಂಶೋಧನೆ ನಿಂತಿಲ್ಲ. 2019ರಲ್ಲಿ ಅಮೆರಿಕದ ಸ್ಲಾಕ್ ಪ್ರಯೋಗಾಲಯ ಲಿಥಿಯಂ ನಿಯೋಬೇಟ್ ಎಂಬ ಹರಳಿನ 10 ಸೆಂಟಿಮೀಟರ್ ಕಡ್ಡಿಯನ್ನು ಕಂಪಿಸಿ, ಕಿಲೋಮೀಟರ್‌ಗಟ್ಟಲೆ ತರಂಗಾಂತರದ ಅಲೆ ಹೊರಡಿಸಿತು. ಅಷ್ಟೇ ಗಾತ್ರದ ಹಿಂದಿನ ಸಾಧನಗಳಿಗಿಂತ ಇದರ ದಕ್ಷತೆ 300 ಪಟ್ಟು ಹೆಚ್ಚು ಎಂದು ಸಂಶೋಧಕರು ವರದಿ ಮಾಡಿದರು. ಸಾಧನೆ ದೊಡ್ಡದೇ. ಆದರೆ ಈ ಹೋಲಿಕೆ ಅಷ್ಟೇ ಗಾತ್ರದ ಸಾಧನಗಳೊಂದಿಗೆ; ನೌಕಾಪಡೆಯ ಬೃಹತ್ ಆಂಟೆನಾಗಳೊಂದಿಗಲ್ಲ. 5ಜಿಯಲ್ಲಿ ಬಳಸಬಹುದಾದ 26 ಗಿಗಾಹರ್ಟ್ಸ್‌ಗೆ ತರಂಗಾಂತರ 11.5 ಮಿಲಿಮೀಟರ್, ಒಂದೊಂದು ಆಂಟೆನಾ ಕಡಲೆಕಾಳಿನಷ್ಟು. ಒಂದು ಕಾಳು ಹಿಡಿಯುವ ಶಕ್ತಿ ಅಲ್ಪವಾದ್ದರಿಂದ ಅಂಥ ಹತ್ತಾರು, ನೂರಾರು ಕಾಳುಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಬೇಕಾಗುತ್ತದೆ. ಆ ತರಂಗ ಗೋಡೆ ದಾಟಲು ತಿಣುಕುತ್ತದೆ, ಮರದ ಎಲೆಗೂ ಸೊರಗುತ್ತದೆ. ಹಾಗಾಗಿ ಟವರ್‌ಗಳನ್ನು ಇನ್ನೂ ಒತ್ತೊತ್ತಾಗಿ ನಿಲ್ಲಿಸಬೇಕು.

ಈ ಚರಿತ್ರೆಯ ತೀರ್ಪು ಸ್ಪಷ್ಟ. ಭರವಸೆ ಈಡೇರಿದ ಕಡೆಗಳಲ್ಲೆಲ್ಲ ಗಾತ್ರದ ಬೆಲೆಯನ್ನು ಇನ್ನೆಲ್ಲೋ ಕಟ್ಟಲಾಗಿದೆ: ಕಂಪನಾಂಕ ಏರಿಸಿ, ಬ್ಯಾಂಡ್‌ವಿಡ್ತ್ ಕಿರಿದಾಗಿಸಿ, ದಕ್ಷತೆ ಬಿಟ್ಟುಕೊಟ್ಟು, ಇಲ್ಲವೇ ಎದುರು ತುದಿಯಲ್ಲಿ ದೊಡ್ಡ ಆಂಟೆನಾ ನಿಲ್ಲಿಸಿ. ಯಾವ ಬೆಲೆಯನ್ನೂ ಕಟ್ಟಬೇಕಿಲ್ಲ ಎಂದ ಭರವಸೆಗಳು ಅಳತೆಯ ಮುಂದೆ ನಿಲ್ಲಲಿಲ್ಲ. ಚಿಕ್ಕ ಆಂಟೆನಾದ ಹೊಸ ಸುದ್ದಿ ಬಂದಾಗ ಕೇಳುಗರು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಯಾವ ಕಂಪನಾಂಕದಲ್ಲಿ? ಎಷ್ಟು ಬ್ಯಾಂಡ್‌ವಿಡ್ತ್‌ನಲ್ಲಿ? ಹಾಕಿದ ನೂರು ವಾಟ್‌ನಲ್ಲಿ ಎಷ್ಟು ಹೊರಗೆ ಹೋಗುತ್ತದೆ? ಅಳೆಯುವಾಗ ಕೇಬಲ್ಲನ್ನೂ ನೆಲವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ? ಇವಕ್ಕೆ ಅಂಕಿಗಳಲ್ಲಿ ಉತ್ತರ ಕೊಡುವ ಆಂಟೆನಾವನ್ನು ನಂಬಬಹುದು. ಕೊಡದಿದ್ದರೆ, ಸ್ವತಂತ್ರ ಅಳತೆ ಬರುವ ತನಕ ಹಳೆಯ ಕಂಬವನ್ನು ಇಳಿಸದಿರುವುದೇ ಲೇಸು.